ನಾವು ಯಾವ ಟೀಮು?

2021ರ ಜನವರಿ 26. ವರ್ಕ್ ಫ್ರಮ್ ಹೋಮ್ ಅಂತ ಮುಳಬಾಗಿಲು ಹತ್ತಿರದ ನಮ್ಮೂರಲ್ಲೇ ಇದ್ದೆ. ಅಕ್ಕನ ಮಗ ಎದ್ದವನೇ ನನ್ನ ಫೋನ್ ಕಿತ್ಕೊಂಡು ‘ಫೌಜಿ’ ಗೇಮ್ ಹಾಕ್ಕೊಂಡ. ಹಿಂದಿನ ಸೆಪ್ಟೆಂಬರ್ 2ಕ್ಕೆ ಸರ್ಕಾರ ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತ್ತು. ಎರಡೇ ದಿನಕ್ಕೆ ಅಕ್ಷಯ್ ಕುಮಾರ್ ಈ ಗೇಮ್ ಘೋಷಿಸಿದ್ದರು. ಮಾಡಿದ್ದು ನಮ್ಮ ಬೆಂಗಳೂರಿನ ಎನ್‌ಕೋರ್ ಗೇಮ್ಸ್.

ಕಥೆ ಗಲ್ವಾನ್ ಕಣಿವೆಯದು. 2020ರ ಜೂನ್ 15ರ ರಾತ್ರಿ ಅಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟರು. ಗುಂಡು ಹಾರಲಿಲ್ಲ, ಕಲ್ಲು ದೊಣ್ಣೆಗಳಲ್ಲೇ ಬಡಿದಾಟ. ಗೇಮಲ್ಲೂ ಹಾಗೇ. ಆದ್ರೆ ಚೀನಾ ತನ್ನವರು ನಾಲ್ವರು ಸತ್ತರು ಅಂತ ಮೊದಲ ಸಲ ಒಪ್ಪಿಕೊಂಡಿದ್ದು ಫೆಬ್ರವರಿ 19ಕ್ಕೆ. ಅದಕ್ಕೂ ಮೂರು ವಾರ ಮೊದಲೇ ನಮ್ಮ ಹುಡುಗ ಹಾಲು ಕುಡೀತಾ ಅದಕ್ಕಿಂತ ಜಾಸ್ತಿ ಜನರನ್ನ ಉರುಳಿಸಿದ್ದ.

ನಾನು ಕೋಡ್ ಬರೆಯೋನು. ಗೇಮಲ್ಲಿ ಯಾರೂ ಭಾಷಣ ಮಾಡಲ್ಲ. ರಾಜಕೀಯ ಇರೋದು ರೂಲ್ಸಲ್ಲಿ. ನೀವು ಯಾರಾಗಿ ಆಡಬಹುದು, ಯಾರನ್ನು ಹೊಡೆದ್ರೆ ಮುಂದಿನ ಲೆವೆಲ್, ಯಾವ ಬಟನ್ ಇಲ್ಲವೇ ಇಲ್ಲ. 2009ರ ‘ಎಂಪೈರ್: ಟೋಟಲ್ ವಾರ್’ ನೋಡಿ. ಅದರ ಮುಖ್ಯ ಆಟದಲ್ಲಿ ಬ್ರಿಟನ್ ಆಗಬಹುದು, ಮರಾಠರಾಗಬಹುದು. ಮೈಸೂರು ಮ್ಯಾಪಲ್ಲಿದೆ, ಆದ್ರೆ ಅದನ್ನು ಆಡಿಸೋದು ಕಂಪ್ಯೂಟರ್ರೇ. ಮೈಸೂರು ಅಲ್ಲಿ ಬರೀ ಎದುರಾಳಿ.

ಸಂಜೆ ಹುಡುಗನ್ನ ಮುಳಬಾಗಿಲು ಬೆಟ್ಟಕ್ಕೆ ಕರ್ಕೊಂಡು ಹೋದೆ. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಗೂ ಕರ್ನಲ್ ವುಡ್‌ನ ಕಂಪನಿ ಪಡೆಗೂ 1768ರ ಅಕ್ಟೋಬರ್ 4ರಂದು ಕದನ ನಡೆದದ್ದು ಇಲ್ಲೇ, ಈ ಬಂಡೆಗಳ ನಡುವೆ. ವುಡ್ ಇನ್ನೇನು ಸೋಲಬೇಕು, ಆಗ ಕ್ಯಾಪ್ಟನ್ ಬ್ರೂಕ್ ಎರಡು ಫಿರಂಗಿಗಳನ್ನು ಬಂಡೆ ಹತ್ತಿಸಿ ಹಾರಿಸಿದ, ‘ಸ್ಮಿತ್! ಸ್ಮಿತ್!’ ಅಂತ ತನ್ನವರ ಕೈಲಿ ಕೂಗಿಸಿದ. ಕರ್ನಲ್ ಸ್ಮಿತ್ ದೊಡ್ಡ ಸೇನೆ ಜೊತೆ ಬಂದೇಬಿಟ್ಟ ಅಂದ್ಕೊಂಡು ಹೈದರನ ಕಡೆಯವರು ಹಿಂದೆ ಸರಿದರು. ಸ್ಮಿತ್ ಬಂದೇ ಇರಲಿಲ್ಲ! ವುಡ್ ಬಚಾವಾದ.

“ಸೂಪರ್! ಇದರಲ್ಲಿ ನಾವು ಯಾವ ಟೀಮು ಮಾಮ?” ಅಂದ.

ಯೋಚನೆಗೆ ಬಿದ್ದೆ. ಹೈದರ್ ನಮ್ಮ ಜಿಲ್ಲೆಯವನು. ಆದ್ರೆ ಕಂಪನಿ ಪಡೆಯಲ್ಲಿ ಮದ್ರಾಸ್ ಸೀಮೆಯ ಸಿಪಾಯಿಗಳೂ ಇದ್ದರು, ತೆಲುಗು, ತಮಿಳು ಮಾತಾಡೋರು. ನಮ್ಮ ಮನೆಮಾತೂ ತೆಲುಗೇ. ಇನ್ನು ಎರಡೂ ಸೇನೆಗಳ ಕುದುರೆ, ಎತ್ತು ತುಳಿದುಕೊಂಡು ಹೋದ ಹೊಲಗಳ ರೈತರು ಯಾವ ಟೀಮು? ನಮ್ಮ ಮುತ್ತಾತನ ಮುತ್ತಾತ ಅಲ್ಲೇ ಎಲ್ಲೋ ಇದ್ದಿರಬೇಕು.

“ಎರಡೂ ಕಡೆ ನಮ್ಮೋರೇ ಕಣೋ.”

ಹುಡುಗ ಮುಖ ಸಣ್ಣ ಮಾಡ್ಕೊಂಡ. “ಹಂಗಾದ್ರೆ ಯಾರನ್ನ ಹೊಡೆಯೋದು?”