ತಂತಿ ಕಡಿಮೆಯಾದಂತೆ ಹೊರೆ ಹೆಚ್ಚು: ಹಳೆಯ ಗಣಕಗಳ ನಡುವೆ ಕೀಲಿಮಣೆ ಹಂಚಿಕೆಯ ತಾಂತ್ರಿಕ ಇತಿಹಾಸ

ಹಳೆಯ ಗಣಕಗಳನ್ನು ಚಾಲನೆಯಲ್ಲಿಟ್ಟು ತೋರಿಸುವ ಸಂಗ್ರಹಾಲಯಗಳಿಗೂ ಖಾಸಗಿ ಸಂಗ್ರಾಹಕರಿಗೂ ಜಾಗದ ಅಭಾವ ಇದ್ದದ್ದೇ. ಒಂದು ಮೇಜಿನ ಮೇಲೆ ನಾಲ್ಕು ಯಂತ್ರಗಳನ್ನು ಜೋಡಿಸಿದರೆ ನಾಲ್ಕು ಕೀಲಿಮಣೆ ಹರಡಲು ಸ್ಥಳ ಉಳಿಯುವುದಿಲ್ಲ. ಒಂದೇ ಕೀಲಿಮಣೆಯನ್ನು ಸ್ವಿಚ್ಚಿನ ಮೂಲಕ ಬೇಕಾದ ಯಂತ್ರಕ್ಕೆ ತಿರುಗಿಸುವ ಯೋಚನೆ ಬರುವುದು ಆಗ. ಸರಿಯಾದ ಪ್ಲಗ್ ಸಿಕ್ಕಿದರೆ ಕೆಲಸ ಮುಗಿಯಿತು ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. 1977ರಿಂದ 1987ರವರೆಗಿನ ಯಂತ್ರಗಳನ್ನು ಸಾಲಾಗಿಟ್ಟು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಈ ದಶಕದಲ್ಲಿ ಕೀಲಿಮಣೆಗೂ ಗಣಕಕ್ಕೂ ನಡುವಿನ ತಂತಿಗಳು ಕಡಿಮೆಯಾಗುತ್ತ ಬಂದವು. ಅದೇ ಹೊತ್ತಿಗೆ ಎರಡೂ ತುದಿಗಳು ನೆನಪಿಟ್ಟುಕೊಳ್ಳಬೇಕಾದ ಸಂಗತಿಗಳು ಬೆಳೆದವು. ಹಂಚಿಕೆಯ ಸ್ವಿಚ್ ಎಷ್ಟು ಜಾಣವಾಗಿರಬೇಕು ಎಂಬುದು ಈ ನೆನಪಿನ ಗಾತ್ರವನ್ನು ಅವಲಂಬಿಸಿದೆ ಎಂಬುದು ಪ್ರಸ್ತುತ ಲೇಖನದ ವಾದ.

ಮೊದಲು ನೆನಪೇ ಇಲ್ಲದ ವ್ಯವಸ್ಥೆಯನ್ನು ನೋಡೋಣ. 1982ರ ಕಮೋಡೋರ್ 64ರಲ್ಲಿ ಕೀಲಿಮಣೆಗೆ ಸ್ವಂತ ಬುದ್ಧಿ ಇಲ್ಲ. ಎಂಟು ಅಡ್ಡಸಾಲು, ಎಂಟು ಕಂಬಸಾಲುಗಳ ಜಾಲದಲ್ಲಿ 64 ಕೀಲಿಗಳು. ಗಣಕವೇ ಸೆಕೆಂಡಿಗೆ ಸುಮಾರು 60 ಸಲ ಸಾಲುಗಳನ್ನು ತಡವಿ ಯಾವುದು ಒತ್ತಿದೆ ಎಂದು ನೋಡಿಕೊಳ್ಳುತ್ತದೆ. ರಿಸ್ಟೋರ್ ಕೀಲಿ ಮಾತ್ರ ಈ ಜಾಲದ ಹೊರಗಿದ್ದು ಪ್ರೊಸೆಸರನ್ನು ನೇರವಾಗಿ ತಡೆಯುತ್ತದೆ. ಶಿಫ್ಟ್ ಲಾಕ್ ಎಂಬುದು ಎಡ ಶಿಫ್ಟಿನ ಜತೆ ಜೋಡಿಸಿದ, ಒತ್ತಿದರೆ ಕೆಳಗೇ ನಿಲ್ಲುವ ಇನ್ನೊಂದು ಗುಂಡಿ, ಅಷ್ಟೇ. ಇಂಥ ಎರಡು ಯಂತ್ರಗಳ ನಡುವೆ ಕೀಲಿಮಣೆ ಹಂಚಲು ಹದಿನೇಳೆಂಟು ತಂತಿಗಳನ್ನು ಒಟ್ಟಿಗೆ ಹೊರಳಿಸುವ ದೊಡ್ಡ ಸ್ವಿಚ್ ಬೇಕು. ಕಟ್ಟುವುದು ಬೇಸರದ ಕೆಲಸ, ಆದರೆ ಮೋಸವಿಲ್ಲ: ತಂತಿ ಕೂಡಿತೆಂದರೆ ಕೀಲಿಮಣೆ ಬಂತು, ಬಿಟ್ಟಿತೆಂದರೆ ಹೋಯಿತು. ಹೋದದ್ದನ್ನು ಗಣಕ ಗಮನಿಸುವುದೂ ಇಲ್ಲ, ಯಾರೂ ಕೀಲಿ ಒತ್ತುತ್ತಿಲ್ಲ ಎಂದುಕೊಳ್ಳುತ್ತದೆ. 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯ ಮೂಲಕ ಭಾರತದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಕೂಡ ಜಾಲದ ಕೀಲಿಮಣೆಯ ಪಂಗಡಕ್ಕೇ ಸೇರಿದ್ದು. ಅದರ ಕೀಲಿಗಳು ಪೆಟ್ಟಿಗೆಯಲ್ಲೇ ಕೂತಿರುವುದರಿಂದ ಹಂಚಿಕೆಗೆ ಪೆಟ್ಟಿಗೆ ಬಿಚ್ಚದೆ ವಿಧಿಯಿಲ್ಲ.

1977ರ ಆ್ಯಪಲ್ 2 ಬೇರೆ ದಾರಿ ಹಿಡಿದಿತ್ತು. ಅದರ ಕೀಲಿಮಣೆಯಲ್ಲೇ ಇರುವ ಚಿಪ್ಪು ಒತ್ತಿದ ಕೀಲಿಯನ್ನು ಏಳು ಬಿಟ್ಟಿನ ಆಸ್ಕಿ ಅಕ್ಷರವಾಗಿಸಿ, ಅಕ್ಷರ ಸಿದ್ಧ ಎಂಬ ಸೂಚನೆಯೊಂದಿಗೆ ಕಳಿಸುತ್ತದೆ. ಕೀಲಿ ಬಿಟ್ಟದ್ದು ಗಣಕಕ್ಕೆ ತಿಳಿಯುವುದಿಲ್ಲ. ಇಲ್ಲೂ ಸರಳ ಸ್ವಿಚ್ ಸಾಕು. ಆದರೆ ಒತ್ತಿದ್ದು ಯಾವ ಅಕ್ಷರ ಎಂಬ ತೀರ್ಮಾನ ಕೀಲಿಮಣೆಯಲ್ಲೇ ಆಗಿಹೋಗಿರುತ್ತದೆ.

1981ರ ಐಬಿಎಂ ಪಿಸಿ ಈ ತೀರ್ಮಾನವನ್ನು ಗಣಕಕ್ಕೆ ಮರಳಿಸಿತು. ಅದರ ಕೀಲಿಮಣೆಯೊಳಗಿನ ಇಂಟೆಲ್ 8048 ಚಿಪ್ಪು ಅಕ್ಷರವನ್ನು ಕಳಿಸದೆ ಕೀಲಿಯ ಸ್ಥಾನಸಂಖ್ಯೆಯನ್ನು, ಅಂದರೆ ಸ್ಕ್ಯಾನ್ ಕೋಡನ್ನು ಕಳಿಸುತ್ತದೆ. ದಶಮಾನದಲ್ಲಿ ಹೇಳುವುದಾದರೆ, ‘ಎ’ ಎಂದು ಬರೆದ ಕೀಲಿ ಒತ್ತಿದಾಗ 30, ಬಿಟ್ಟಾಗ ಅದಕ್ಕೆ 128 ಕೂಡಿಸಿ 158. ಆ ಸ್ಥಾನದಲ್ಲಿ ಯಾವ ಅಕ್ಷರವಿದೆ ಎಂಬುದು ಸಾಫ್ಟ್‌ವೇರಿಗೆ ಬಿಟ್ಟದ್ದು. ಕೆ. ಪಿ. ರಾವ್ ರೂಪಿಸಿದ ಕನ್ನಡದ ಕೀಲಿ ವಿನ್ಯಾಸವನ್ನು ಯಂತ್ರಾಂಶ ಮುಟ್ಟದೆ ಪಿಸಿಗಳಲ್ಲಿ ಅಳವಡಿಸಲು ಸಾಧ್ಯವಾದದ್ದು ಇದರಿಂದಲೇ. ತಂತಿಗಳು ನಾಲ್ಕೈದಕ್ಕೆ ಇಳಿದವು: ಕ್ಲಾಕ್, ಡೇಟಾ, ಭೂಸಂಪರ್ಕ, 5 ವೋಲ್ಟ್, ಜತೆಗೊಂದು ರೀಸೆಟ್. ಮಾತು ಒಂದೇ ದಿಕ್ಕಿನದು. ಗಣಕ ಮಾಡಬಹುದಾದದ್ದು ಇಷ್ಟೇ: ಕ್ಲಾಕ್ ತಂತಿಯನ್ನು ಸುಮಾರು 20 ಮಿಲಿಸೆಕೆಂಡು ಕೆಳಗೆ ಹಿಡಿದು ಕೀಲಿಮಣೆಯನ್ನು ಮರುಪ್ರಾರಂಭಿಸುವುದು, ಉತ್ತರವಾಗಿ 170 ಬಂತೇ ಎಂದು ನೋಡುವುದು. ಬರದಿದ್ದರೆ ಪರದೆಯ ಮೇಲೆ 301 ಎಂಬ ದೋಷಸಂಖ್ಯೆ.

1984ರ ಪಿಸಿ ಎಟಿ ಅದೇ ಐದು ಪಿನ್ನಿನ ಡಿನ್ ಕನೆಕ್ಟರನ್ನು ಉಳಿಸಿಕೊಂಡು ಒಳಗಿನ ಮಾತನ್ನೆಲ್ಲ ಬದಲಿಸಿತು. ಹಳೆಯ ಕೀಲಿಮಣೆಯ ಪ್ಲಗ್ ಸಲೀಸಾಗಿ ಕೂರುತ್ತದೆ, ಕೀಲಿಮಣೆ ಕೆಲಸ ಮಾಡುವುದಿಲ್ಲ. ‘ಎ’ ಕೀಲಿ ಈಗ 28. ಬಿಟ್ಟಾಗ 240 ಮತ್ತು 28 ಎಂಬ ಎರಡು ಸಂಖ್ಯೆಗಳು. ಹಳೆಯ ಪ್ರೋಗ್ರಾಮುಗಳು ಕೆಡದಿರಲೆಂದು ಮದರ್‌ಬೋರ್ಡಿನ ಇಂಟೆಲ್ 8042 ಚಿಪ್ಪು 28ನ್ನು ಮತ್ತೆ 30 ಮಾಡಿ ಕೊಡುತ್ತದೆ. ತದ್ರೂಪಿ ಪಿಸಿಗಳ ಕಾಲದಲ್ಲಿ ಕೀಲಿಮಣೆಯ ಅಡಿಗೆ ಎಕ್ಸ್‌ಟಿಗೋ (ಅಂದರೆ ಹಳೆಯ ಪಿಸಿಯ ಮಾತಿಗೋ) ಎಟಿಗೋ ಎಂದು ಆರಿಸುವ ಪುಟ್ಟ ಜಾರುಸ್ವಿಚ್ ಕಾಣಿಸಿಕೊಂಡದ್ದು ಈ ಗೊಂದಲದ ಕೂಸಾಗಿ. 1987ರ ಪಿಎಸ್/2 ಕನೆಕ್ಟರಿನ ಆಕಾರವನ್ನಷ್ಟೇ ಬದಲಿಸಿತು.

ನಮ್ಮ ವಾದಕ್ಕೆ ಮುಖ್ಯವಾದದ್ದು ಎಟಿಯ ಇನ್ನೊಂದು ಬದಲಾವಣೆ. ಮಾತು ಎರಡೂ ದಿಕ್ಕಿಗೆ ಹರಿಯತೊಡಗಿತು. ಕ್ಯಾಪ್ಸ್ ಲಾಕ್ ದೀಪ ಹೊತ್ತಿಸಲು ಗಣಕ 237 ಕಳಿಸುತ್ತದೆ, ಕೀಲಿಮಣೆ 250 ಎಂದು ಒಪ್ಪಿಗೆ ಕೊಡುತ್ತದೆ, ಗಣಕ ಯಾವ ದೀಪ ಎಂದು ಹೇಳುತ್ತದೆ, ಮತ್ತೆ 250. ಕ್ಯಾಪ್ಸ್ ಲಾಕ್ ಇರುವುದು ಗಣಕದ ಸ್ಮೃತಿಯಲ್ಲಿ. ಕೀಲಿಮಣೆಯ ಮೇಲಿನದು ಅದರ ಪ್ರತಿಬಿಂಬ. ಈಗ ತಿರುಗುಗುಂಡಿಯ ಸಾದಾ ಸ್ವಿಚ್ಚೊಂದನ್ನು ಎರಡು ಎಟಿಗಳ ನಡುವೆ ಇಟ್ಟು ನೋಡಿ. ತಿರುಗಿಸುವ ಕ್ಷಣದಲ್ಲಿ ವಿದ್ಯುತ್ತು ತುಂಡಾಗಿ ಕೀಲಿಮಣೆ ಹೊಸದಾಗಿ ಹುಟ್ಟುತ್ತದೆ, ದೀಪಗಳು ಆರುತ್ತವೆ. ಹೊಸ ಗಣಕದಲ್ಲಿ ಮೊದಲೇ ಕ್ಯಾಪ್ಸ್ ಲಾಕ್ ಹಾಕಿದ್ದರೆ ಅದು ಹೊತ್ತಿದೆ ಎಂದೇ ಆ ಗಣಕ ನಂಬಿರುತ್ತದೆ. ಹುಟ್ಟಿದ ಕೂಡಲೇ ಕೀಲಿಮಣೆ 170 ಎಂದು ಕೂಗುತ್ತದೆ. ಈ ಸಂಖ್ಯೆ ಹಳೆಯ ಪಟ್ಟಿಯಲ್ಲಿ ಎಡ ಶಿಫ್ಟ್ (42) ಬಿಟ್ಟದ್ದರ ಸಂಕೇತವೂ ಹೌದು (42+128), ಹಾಗಾಗಿ ಅಪಾಯವಿಲ್ಲದೆ ಕರಗಿಹೋಗುತ್ತದೆ. ಕಂಟ್ರೋಲ್ ಒತ್ತಿಹಿಡಿದು ಸ್ವಿಚ್ ತಿರುಗಿಸಿದರೆ ಆ ಅದೃಷ್ಟ ಇಲ್ಲ: ಒತ್ತಿದ ಸುದ್ದಿ ಮೊದಲ ಯಂತ್ರಕ್ಕೆ ಹೋಗಿದೆ, ಬಿಟ್ಟ ಸುದ್ದಿ ಅದಕ್ಕೆಂದೂ ತಲುಪುವುದಿಲ್ಲ. ಮರಳಿ ಬಂದಾಗ ಆ ಯಂತ್ರದಲ್ಲಿ ಪ್ರತಿ ಅಕ್ಷರವೂ ಕಂಟ್ರೋಲ್ ಸಹಿತವೇ. ಇನ್ನು ಸ್ವಿಚ್ ಬೇರೆಡೆ ಇದ್ದಾಗ ಯಂತ್ರವನ್ನು ಚಾಲೂ ಮಾಡಿದರೆ, ಕೀಲಿಮಣೆ ಇಲ್ಲ ಎಂಬ ದೂರಿನೊಂದಿಗೆ ಅದು ಅಲ್ಲೇ ನಿಲ್ಲುತ್ತದೆ.

ಆದ್ದರಿಂದ ಒಳ್ಳೆಯ ಕೆವಿಎಂ (ಕೀಲಿಮಣೆ, ಪರದೆ, ಮೌಸ್ ಹಂಚುವ) ಸ್ವಿಚ್ಚು ತಂತಿ ಕೂಡಿಸುವ ಗೊಡವೆಗೇ ಹೋಗುವುದಿಲ್ಲ. ಪ್ರತಿ ಗಣಕದ ಎದುರಿಗೂ ಅದು ತಾನೇ ಕೀಲಿಮಣೆಯಾಗಿ ನಟಿಸುತ್ತದೆ, ನಿಜವಾದ ಕೀಲಿಮಣೆಯ ಎದುರು ಗಣಕವಾಗಿ ನಟಿಸುತ್ತದೆ. ಆರಿಸದ ಯಂತ್ರಗಳಿಗೂ 250, 170 ಎಂದು ಉತ್ತರ ಕೊಡುತ್ತ, ಯಂತ್ರಯಂತ್ರಕ್ಕೂ ದೀಪಗಳ ಸ್ಥಿತಿಯನ್ನು ಪ್ರತ್ಯೇಕ ಬರೆದಿಟ್ಟುಕೊಂಡು, ತಿರುಗುವ ಮುನ್ನ ಒತ್ತಿದ ಕೀಲಿಗಳನ್ನೆಲ್ಲ ಬಿಟ್ಟಂತೆ ಸುಳ್ಳು ಸುದ್ದಿ ಕಳಿಸುತ್ತದೆ. ಸ್ಕ್ರೋಲ್ ಲಾಕನ್ನು ಎರಡು ಸಲ ಒತ್ತಿ ಯಂತ್ರ ಬದಲಿಸುವ ರೂಢಿ ಬೆಳೆದದ್ದು ಸ್ವಿಚ್ಚೇ ಪ್ರತಿ ಕೀಲಿಯನ್ನೂ ಓದುತ್ತಿರುವುದರಿಂದ.

ಐಬಿಎಂ ವಂಶದ ಹೊರಗೆ ನೆನಪಿನ ನೆಲೆ ಮತ್ತೆ ಬದಲಾಗುತ್ತದೆ. 1985ರ ಅಮಿಗಾದಲ್ಲಿ ಕ್ಯಾಪ್ಸ್ ಲಾಕ್ ಇರುವುದು ದೀಪ ಸಮೇತ ಕೀಲಿಮಣೆಯೊಳಗೆ. ಪ್ರತಿ ಸಂಕೇತಕ್ಕೂ ಗಣಕ ಡೇಟಾ ತಂತಿಯನ್ನು ಕನಿಷ್ಠ 85 ಮೈಕ್ರೊಸೆಕೆಂಡು ಕೆಳಗೆಳೆದು ಒಪ್ಪಿಗೆ ಕೊಡಬೇಕು. 143 ಮಿಲಿಸೆಕೆಂಡಿನಲ್ಲಿ ಅದು ಸಿಗದಿದ್ದರೆ ಲಯ ತಪ್ಪಿತೆಂದು ಕೀಲಿಮಣೆ ಹೊಸದಾಗಿ ಹೊಂದಿಸಿಕೊಳ್ಳಲು ತೊಡಗುತ್ತದೆ. 1986ರ ಆ್ಯಪಲ್ 2ಜಿಎಸ್‌ನೊಂದಿಗೆ ಬಂದ ಎಡಿಬಿ (ಆ್ಯಪಲ್ ಡೆಸ್ಕ್‌ಟಾಪ್ ಬಸ್) ಎಂಬ ವ್ಯವಸ್ಥೆಯಲ್ಲಿ ಡೇಟಾ ತಂತಿ ಒಂದೇ. ಕೀಲಿಮಣೆಗೆ 2, ಮೌಸ್‌ಗೆ 3 ಎಂದು ವಿಳಾಸ, ಗಣಕ ಕೇಳಿದಾಗ ಉತ್ತರ. ಸನ್ ವರ್ಕ್‌ಸ್ಟೇಷನ್ನುಗಳಂತೂ ಚಾಲೂ ಆಗುವಾಗ ಕೀಲಿಮಣೆ ಕಾಣದಿದ್ದರೆ ಕನ್ಸೋಲನ್ನೇ ಸೀರಿಯಲ್ ಪೋರ್ಟಿಗೆ ಸಾಗಿಸಿಬಿಡುತ್ತವೆ, ಪರದೆ ಮೌನವಾಗುತ್ತದೆ.

ಇಂದು ಈ ನಟನೆಯನ್ನು ಅಗ್ಗದ ಮೈಕ್ರೊಕಂಟ್ರೋಲರಿನಿಂದ ಕಟ್ಟಬಹುದು. 64 ಕೀಲಿಗಳ ಜಾಲಕ್ಕೂ ಉಪಾಯವಿದೆ: ಎಂಟಿ8808 ಎಂಬ ಚಿಪ್ಪಿನ 8×8 ಸ್ವಿಚ್ಚುಗಳು ಬೆರಳಿನ ಬದಲು ಸಾಲುಗಳನ್ನು ಕೂಡಿಸುತ್ತವೆ. ರಾಸ್ಪ್‌ಬೆರಿ ಪೈ ಪಿಕೊದಂಥವುಗಳ ಪಿನ್ನು 3.3 ವೋಲ್ಟಿನದು, ಹಳೆಯ ಯಂತ್ರಗಳದು 5 ವೋಲ್ಟು. ನಡುವೆ ಮಟ್ಟ ಹೊಂದಿಸುವ ಸರ್ಕಿಟ್ ಇರಲೇಬೇಕು. ಎರಡು ಗಣಕಗಳ 5 ವೋಲ್ಟನ್ನು ಒಂದಕ್ಕೊಂದು ಕೂಡಿಸಿದರೆ ವಿದ್ಯುತ್ ನಿಲ್ಲಿಸಿಟ್ಟ ಯಂತ್ರಕ್ಕೂ ಕೀಲಿಮಣೆಯ ಹಾದಿಯಿಂದ ವಿದ್ಯುತ್ತು ಹರಿಯುತ್ತದೆ. ಸ್ವಿಚ್ಚಿಗೂ ಕೀಲಿಮಣೆಗೂ ಸ್ವತಂತ್ರ ಪೂರೈಕೆ ಕೊಟ್ಟು, ಗಣಕಗಳೊಡನೆ ಭೂಸಂಪರ್ಕವನ್ನಷ್ಟೇ ಹಂಚಿಕೊಳ್ಳುವುದು ಲೇಸು.

ಎಲ್ಲವನ್ನೂ ಹಂಚಬಹುದು ಎಂದಮಾತ್ರಕ್ಕೆ ಹಂಚಬೇಕಿಲ್ಲ. ಎಟಿ, ಪಿಎಸ್/2 ಯಂತ್ರಗಳಲ್ಲಿ ಕೀಲಿಮಣೆ ಮೊದಲಿನಿಂದಲೂ ಬದಲಿಸಬಲ್ಲ ಭಾಗ. ಅಲ್ಲಿ ಹಂಚಿಕೆಯಿಂದ ಯಂತ್ರದ ಸ್ವಭಾವಕ್ಕೆ ಧಕ್ಕೆಯಿಲ್ಲ. ಕಮೋಡೋರ್ 64ರ ಕತೆ ಹಾಗಲ್ಲ. ಅದರ ಒಂದನೇ ಪೋರ್ಟಿನ ಜಾಯ್‌ಸ್ಟಿಕ್ಕು ಕೀಲಿಜಾಲದ ತಂತಿಗಳನ್ನೇ ಬಳಸುವುದರಿಂದ ಅದನ್ನು ಅಲುಗಿಸಿದರೆ ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ. ಕೀಲಿಮಣೆಯನ್ನು ಅದೇ ಪೆಟ್ಟಿಗೆಯಲ್ಲಿ ಒತ್ತಿದವರಿಗೆ ಮಾತ್ರ ಈ ನಂಟು ಅರ್ಥವಾದೀತು. ಅಂಥ ಯಂತ್ರಕ್ಕೆ ನನ್ನ ಮತ ಹಂಚಿಕೆಯ ವಿರುದ್ಧವೇ. ಹಂಚಲೇಬೇಕಾದಲ್ಲಿ ಸ್ವಿಚ್ಚಿನೊಳಗಿನ ಪ್ರೋಗ್ರಾಮನ್ನು, ಅದು ಯಾವ ಸಂಕೇತಗಳಿಗೆ ಗಣಕದ ಪರವಾಗಿ, ಯಾವುದಕ್ಕೆ ಕೀಲಿಮಣೆಯ ಪರವಾಗಿ ಉತ್ತರಿಸುತ್ತದೆ ಎಂಬ ಪಟ್ಟಿಯೊಡನೆ, ಆಯಾ ಯಂತ್ರದ ಸಂಗ್ರಹ ದಾಖಲೆಗೆ ಸೇರಿಸಬೇಕು.