ಇಂಡಿಯನ್ ಓಪನ್ ಗಾಲ್ಫಿನಲ್ಲಿ ಪುನರ್ವಿಜಯ: ಚಲ್ಲಘಟ್ಟದ ಒಂದು ನಿದರ್ಶನ

ಹೆಬ್ಬಾಳದಿಂದ ಮೇಖ್ರಿ ವೃತ್ತವನ್ನು ದಾಟಿ ಸ್ಯಾಂಕಿ ರಸ್ತೆಗೆ ಇಳಿಯುವ ಬಸ್ಸಿನವರಿಗೆ ಮರಗಳ ಮರೆಯಲ್ಲಿ ಕ್ಷಣಮಾತ್ರ ಮಿನುಗುವ ಹಸುರು, 1876ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನದು. ಆಟವು ಈ ಊರಿನಲ್ಲಿ ಅಷ್ಟು ಪುರಾತನವಾದರೂ, 1964ರಲ್ಲಿ ದೆಹಲಿಯಲ್ಲಿ ಆರಂಭವಾದ ಇಂಡಿಯನ್ ಓಪನ್ 2012ರ ಅಕ್ಟೋಬರಿನಲ್ಲಿ ಇಲ್ಲಿ ನಡೆದಾಗ, ಅದಕ್ಕೆ ನೆಲೆಯಾದುದು ನಗರದ ಪೂರ್ವಭಾಗದಲ್ಲಿ ಚಲ್ಲಘಟ್ಟದ ಕೆರೆಯಂಗಳದ ಮೇಲೆ ಹಬ್ಬಿರುವ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ.

ಒಮ್ಮೆ ಗೆದ್ದವನು ಮರಳಿ ಗೆದ್ದರೆ ಅದನ್ನು ನೆಲದ ಪರಿಚಯಕ್ಕೆ ಆರೋಪಿಸುವುದು ವಾಡಿಕೆ. ದೆಹಲಿಯಲ್ಲಿ ಪರರ ಚೀಲ ಹೊತ್ತು ಆಟ ಕಲಿತ ಅಲಿ ಶೇರ್ 1991ರಲ್ಲಿಯೂ 1993ರಲ್ಲಿಯೂ ಗೆದ್ದುದು ಈ ವಾದಕ್ಕೆ ಬೆಂಬಲವೆಂದು ತೋರುವುದು ಸಹಜ. ಆದರೆ ಕಲ್ಕತ್ತೆಯಲ್ಲಿ ಹುಲ್ಲು ನೋಡಿಕೊಳ್ಳುವವನ ಮಗನಾಗಿ ಬೆಳೆದ ಎಸ್.ಎಸ್.ಪಿ. ಚೌರಾಸಿಯಾ 2016ರಲ್ಲಿ ದೆಹಲಿಯಲ್ಲಿ ಗೆದ್ದು, ಮರುವರ್ಷ ಗುರುಗ್ರಾಮದ ಬೇರೊಂದು ಕಠಿನ ಮೈದಾನದಲ್ಲಿ ಏಳು ಹೊಡೆತಗಳ ಅಂತರದಿಂದ ಗೆದ್ದಾಗ, ನೆಲದ ವಾದಕ್ಕೆ ನೆಲೆಯೆಲ್ಲಿ?

ಬೆಂಗಳೂರಿನ ನಿದರ್ಶನ ಇದಕ್ಕಿಂತಲೂ ಬಲವಾದುದು. 2005ರಲ್ಲಿ ಇದೇ ಪ್ರಶಸ್ತಿಯನ್ನು ಪಡೆದಿದ್ದ ಥಾಯ್ಲೆಂಡಿನ ಥಾವರ್ನ್ ವಿರತ್‌ಚಂತ್, ಏಳು ವರ್ಷಗಳ ತರುವಾಯ, ತನ್ನ ನಲವತ್ತೈದನೆಯ ವಯಸ್ಸಿನಲ್ಲಿ, ಯಾವ ಶಿಕ್ಷಕನೂ ಶಿಷ್ಯನಿಗೆ ಕಲಿಸಲೊಪ್ಪದ ತನ್ನ ವಿಲಕ್ಷಣ ಬೀಸಿನಿಂದಲೇ ಸ್ಕಾಟ್ಲೆಂಡಿನ ರಿಚಿ ರಾಮ್ಸೆಯೊಡನೆ ಸಮಬಲ ಸಾಧಿಸಿ, ಪ್ಲೇಆಫಿನಲ್ಲಿ ಅವನನ್ನು ಮಣಿಸಿದನು. ಗಮನಿಸತಕ್ಕ ಸಂಗತಿಯೆಂದರೆ, ಏಷ್ಯನ್ ಟೂರಿನ ವಾರ್ಷಿಕ ಗಳಿಕೆಯ ಪಟ್ಟಿಯಲ್ಲಿ ಇವನು ಅಗ್ರಸ್ಥಾನ ಪಡೆದುದೂ ಅದೇ 2005 ಮತ್ತು 2012ರಲ್ಲಿಯೇ. ಎಂದಮೇಲೆ ಮರಳಿ ಬಂದುದು ನೆಲದ ನೆನಪಲ್ಲ, ಆಟಗಾರನ ಪೂರ್ಣ ಸಾಮರ್ಥ್ಯವೇ ಎಂದು ನಾನು ಬಗೆಯುತ್ತೇನೆ; ವಿಜೇತರ ಪಟ್ಟಿಯನ್ನು ಆಯಾ ವರ್ಷದ ಗಳಿಕೆಯ ಪಟ್ಟಿಯ ಪಕ್ಕದಲ್ಲಿರಿಸಿ ಓದಬೇಕೆಂಬುದು ನನ್ನ ಸೂಚನೆ.

ಈ ಓದು ಎಲ್ಲೆಡೆಯೂ ನಿಲ್ಲುವುದೆಂದು ಹೇಳಲಾರೆ. ಮೂರು ಬಾರಿ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ (1964, 1966, 1976) ಏಷ್ಯನ್ ಟೂರಿಗಿಂತ ಹಿಂದಿನವನಾದುದರಿಂದ ಈ ಅಳತೆಗೆ ಸಿಕ್ಕುವುದಿಲ್ಲ. ಅವನಂತೆಯೇ ಮೂರು ಬಾರಿ (2000, 2006, 2007) ಗೆದ್ದ ಜ್ಯೋತಿ ರಾಂಧಾವಾ ಏಷ್ಯದ ಅಗ್ರನಾದುದು 2002ರಲ್ಲಿ. ಆ ವರ್ಷದ ಇಂಡಿಯನ್ ಓಪನ್ ವಿಜಯ್ ಕುಮಾರರ ಪಾಲಾಗಿತ್ತು.