ಪಯಸ್ವಿನಿಯ ತಟದಲ್ಲಿ ಜನಮತ

ಕೊಡಗಿನ ಮಲೆಯಲ್ಲಿ ಹುಟ್ಟಿ, ಸಂಪಾಜೆಯ ಕಣಿವೆಯಲ್ಲಿಳಿದು, ಸುಳ್ಯದ ಮಗ್ಗುಲಲ್ಲಿ ಹರಿದು, ಕಾಸರಗೋಡಿನ ಸೀಮೆಯಲ್ಲಿ ಚಂದ್ರಗಿರಿಯೊಡಗೂಡಿ ಕಡಲನ್ನು ಸೇರುವ ಪಯಸ್ವಿನೀ ನದಿಯನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ನೀರು ಒಂದೇ, ಆದರೆ ತಾವು ಯಾರ ಆಡಳಿತದಲ್ಲಿರಬೇಕೆಂಬ ಪ್ರಶ್ನೆಯನ್ನು ಅದರ ತಟದ ಮೂರು ಸೀಮೆಗಳ ಜನರು ಮೂರು ವಿಧವಾಗಿ ಎದುರಿಸಿದರು. ಆ ವೃತ್ತಾಂತವನ್ನು ಸಂಗ್ರಹವಾಗಿ ನಿರೂಪಿಸಿ, ಜನಮತವೆಂಬುದರ ಬಲಾಬಲಗಳನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಕ್ರಿ. ಶ. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಕೊಡಗಿನ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದರು. ಒಡನೆಯೇ ಕರ್ನಲ್ ಫ್ರೇಸರನು ನಾಡಿನ ಪ್ರಮುಖರನ್ನು ಸೇರಿಸಿ, ಮೇ ತಿಂಗಳಲ್ಲಿ ಒಂದು ಘೋಷಣೆಯನ್ನು ಹೊರಡಿಸಿದನು. ಕೊಡಗಿನ ನಿವಾಸಿಗಳೆಲ್ಲರ ಏಕಮತದ ಅಪೇಕ್ಷೆಯಂತೆಯೇ ದೇಶವನ್ನು ಕಂಪೆನಿಯು ವಹಿಸಿಕೊಂಡಿತೆಂಬುದು ಅದರ ತಾತ್ಪರ್ಯ. ಕೆಲವರ ಮಾತು ಎಲ್ಲರ ಮತವೆನಿಸಿತು! ಕೊಡಗಿನ ಅರಸರ ಕೈಕೆಳಗಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದಾಗಲಂತೂ ಅಷ್ಟರ ಉಪಚಾರವೂ ನಡೆಯಲಿಲ್ಲ. ಹಿಂದೆ ಧಾನ್ಯರೂಪದಲ್ಲಿ ತೆರುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ, 1837ರಲ್ಲಿ, ಸುಳ್ಯದ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡೆದ್ದು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೂ ನಡೆದರು. ಕಂಪೆನಿಯ ಸೈನ್ಯವು ಅವರನ್ನಡಗಿಸಿತು; ಮುಂದಾಳುಗಳು ಗಲ್ಲಿಗೇರಿದರು. ಕೇಳದ ಪ್ರಶ್ನೆಗೆ ಜನರು ಕೊಟ್ಟ ಉತ್ತರವಿದು.

ಇನ್ನು ನದಿಯ ತವರಿಗೆ ಬರೋಣ. ಸ್ವಾತಂತ್ರ್ಯಾನಂತರ ಕೊಡಗು ಪ್ರತ್ಯೇಕವಾದ ಚಿಕ್ಕ ರಾಜ್ಯವಾಗಿದ್ದಿತು. 1952ರ ಚುನಾವಣೆಯಲ್ಲಿ ಮೈಸೂರಿನೊಡನೆ ವಿಲೀನವಾಗಬೇಕೆ, ಬೇಡವೆ ಎಂಬುದೇ ಮುಖ್ಯ ವಿವಾದವಾಯಿತು. 24 ಸ್ಥಾನಗಳಲ್ಲಿ 15 ಕಾಂಗ್ರೆಸ್ಸಿಗೆ ದೊರೆತು ಶ್ರೀ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು, ಗಾಂಧೀವಾದಿಗಳಾದ ಶ್ರೀ ಪಂದ್ಯಂಡ ಬೆಳ್ಳಿಯಪ್ಪನವರ ನೇತೃತ್ವದ, ವಿಲೀನವನ್ನು ವಿರೋಧಿಸುತ್ತಿದ್ದ ತಕ್ಕಡಿ ಪಕ್ಷಕ್ಕೆ 9 ದೊರೆತವು. 1956ರ ನವೆಂಬರ 1ರಂದು ವಿಲೀನವೂ ನೆರವೇರಿತು. ಲೆಕ್ಕವು ಸರಿಯೇ. ಆದರೆ ಆ ಒಂಬತ್ತು ಸ್ಥಾನಗಳ ಹಿಂದಿದ್ದ ಮನಸ್ಸುಗಳು ಲೆಕ್ಕ ಮುಗಿದ ಮಾತ್ರಕ್ಕೆ ಕರಗಿಹೋಗಲಿಲ್ಲ; ದಶಕಗಳ ತರುವಾಯ ಪ್ರತ್ಯೇಕತೆಯ ಕೂಗು ಮತ್ತೆ ಎದ್ದಿತು.

ನದಿಯು ಕಡಲನ್ನು ಸೇರುವ ಕಾಸರಗೋಡಿನ ಕಥೆ ಇನ್ನೂ ಜಟಿಲವಾದುದು. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ, ತಾಲೂಕಿನಲ್ಲಿ ಮಲೆಯಾಳ ಭಾಷಿಕರೇ ಅಧಿಕಸಂಖ್ಯಾತರೆಂದು ಅದನ್ನು ಕೇರಳಕ್ಕೆ ಸೇರಿಸಲು ಶಿಫಾರಸು ಮಾಡಿತು. ಚಂದ್ರಗಿರಿಯ ಉತ್ತರಭಾಗವನ್ನು ಬೇರೆಯಾಗಿ ಎಣಿಸಬೇಕು, ತುಳುವರೇ ಮೊದಲಾದವರನ್ನೂ ಗಮನಿಸಬೇಕು ಎಂಬುದು ಕನ್ನಡಿಗರ ವಾದ. ಪ್ರತ್ಯೇಕ ಮತಗಣನೆಯಂತೂ ನಡೆಯಲಿಲ್ಲ; ಆದುದರಿಂದ ಪ್ರತಿಯೊಂದು ಚುನಾವಣೆಯೇ ಮತಗಣನೆಯಾಯಿತು. 1957ರಲ್ಲಿ ಮಂಜೇಶ್ವರದಿಂದ ಶ್ರೀ ಎಂ. ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದರು. ಶ್ರೀ ಕಳ್ಳಿಗೆ ಮಹಾಬಲ ಭಂಡಾರಿಯವರು 1960, 1965, 1967ರಲ್ಲಿ ಮೂರು ಬಾರಿ ಗೆದ್ದರು. 1965ರಲ್ಲಿ ಆಯ್ಕೆಯಾದ ಸಭೆಯು ಒಮ್ಮೆಯೂ ಕೂಡದೆ ವಿಸರ್ಜಿತವಾಯಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರಭಾಗವನ್ನು ಮೈಸೂರಿಗೆ ಕೊಡಬೇಕೆಂದಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ಹತ್ತು ವರ್ಷಗಳಲ್ಲಿ ನಾಲ್ಕು ಬಾರಿ ಜನರು ಒಂದೇ ಉತ್ತರವನ್ನು ಕೊಟ್ಟರು, ಗಡಿಯು ಅಲುಗಲಿಲ್ಲ.

ಶಾಸ್ತ್ರಕಾರರು ಸ್ಥೂಣಾನಿಖನನ ನ್ಯಾಯವೆಂಬುದೊಂದನ್ನು ಹೇಳುವರು. ಕಂಬವನ್ನು ಅಲುಗಾಡಿಸಿ ಅಲುಗಾಡಿಸಿ ನೆಟ್ಟಷ್ಟೂ ಅದು ದೃಢವಾಗುವುದಂತೆ. ಪುನಃಪುನಃ ಜನಮತವನ್ನು ಕೇಳಬೇಕೆನ್ನುವವರ ಆಶಯವೂ ಇದೇ. ಆದರೆ ನೆಲವೇ ಸಡಿಲವಾಗಿದ್ದರೆ ಅಲುಗಾಡಿಸಿದಷ್ಟೂ ಗುಂಡಿ ಅಗಲವಾಗುವುದಲ್ಲದೆ ಕಂಬ ನಿಲ್ಲದು. ಪೆಸಿಫಿಕ್ ಸಾಗರದಲ್ಲಿ ಫ್ರೆಂಚರ ಅಧೀನದಲ್ಲಿರುವ ನ್ಯೂ ಕ್ಯಾಲಿಡೋನಿಯಾ ದ್ವೀಪಗಳೇ ಇದಕ್ಕೆ ನಿದರ್ಶನ. ಸ್ವಾತಂತ್ರ್ಯ ಬೇಕೆ ಎಂದು ಅಲ್ಲಿ ಮೂರು ಬಾರಿ ಕೇಳಲಾಯಿತು. ಬೇಡವೆಂದವರು 2018ರಲ್ಲಿ ಶೇಕಡಾ 56.7, 2020ರಲ್ಲಿ 53.3. 2021ರಲ್ಲಿಯೋ 96.5! ಏಕೆಂದರೆ, ಸಾಂಕ್ರಾಮಿಕದಲ್ಲಿ ಸತ್ತವರ ಶೋಕಾಚರಣೆಗಾಗಿ ಮುಂದೂಡಿರೆಂಬ ಮೂಲನಿವಾಸಿ ಕನಾಕರ ಪ್ರಾರ್ಥನೆಯನ್ನು ಮನ್ನಿಸದಿರಲು ಅವರು ಬಹಿಷ್ಕರಿಸಿದರು. ಮತವಿತ್ತವರು ಶೇಕಡಾ 44ರಷ್ಟು ಮಾತ್ರ. ಮತದಾರರ ಪಟ್ಟಿಯಲ್ಲಿ ಯಾರು ಸೇರಬೇಕೆಂಬ ವಿವಾದದಿಂದ 2024ರ ಮೇ ತಿಂಗಳಲ್ಲಿ ಅಲ್ಲಿ ದಂಗೆಯೆದ್ದು ಹತ್ತಕ್ಕೂ ಹೆಚ್ಚು ಮಂದಿ ಮಡಿದರು. ಯಾರನ್ನು ಎಣಿಸಬೇಕೆಂಬುದರಲ್ಲಿಯೇ ಒಮ್ಮತವಿಲ್ಲದೆಡೆಯಲ್ಲಿ ಎಣಿಕೆಯು ಕಲಹವನ್ನು ತೀರಿಸದು. ಕಾಸರಗೋಡಿನ ವಿವಾದದ ಬೇರೂ ಇದೇ ಆಗಿದ್ದಿತೆಂಬುದನ್ನು ವಾಚಕರು ಗಮನಿಸಬೇಕು.

ಹಾಗಾದರೆ ಜನಮತವು ನಿರರ್ಥಕವೆ? ಅಲ್ಲ. ಕೇಳದಿದ್ದುದರ ಫಲವನ್ನು 1837ರಲ್ಲಿ ನಮ್ಮ ಸುಳ್ಯವೇ ಕಂಡಿದೆ. ಆದರೆ ಗೆದ್ದವರೆಷ್ಟೆಂಬುದರಿಂದಲ್ಲ, ಸೋತವರಿಗೆ ಆ ಬಳಿಕ ಏನು ಉಳಿಯಿತೆಂಬುದರಿಂದ ಅದರ ಬೆಲೆಯನ್ನು ಕಟ್ಟಬೇಕು. ಗಡಿಗಳನ್ನು ಬದಲಿಸಿದ 1956ರಲ್ಲಿಯೇ ನಮ್ಮ ಸಂವಿಧಾನಕ್ಕೆ 350ಎ ವಿಧಿಯು ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯುವಂತೆ ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ವಿಧಿಸುತ್ತದೆ. ಗಡಿಯ ಗೆರೆಯಷ್ಟೇ ಈ ವಿಧಿಯನ್ನೂ ಕಟ್ಟುನಿಟ್ಟಾಗಿ ಪಾಲಿಸಿದ್ದರೆ ಎಷ್ಟೋ ಕಹಿ ತಪ್ಪುತ್ತಿದ್ದಿತು.

ನಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿ ಜಾಲ್ಸೂರಿನಾಚೆಯಿಂದ ಬರುತ್ತಿದ್ದ ಮಕ್ಕಳೂ ಇದ್ದರು. ಮನೆಯಲ್ಲಿ ತುಳುವನ್ನಾಡಿ, ದಾರಿಯಲ್ಲಿ ಮಲೆಯಾಳವನ್ನು ಕೇಳಿ, ನನ್ನೆದುರಿಗೆ ಕನ್ನಡವನ್ನೋದುತ್ತಿದ್ದರು. ಅಂತಹ ಮಗುವನ್ನು ಯಾವ ಕಡೆಗೆ ಎಣಿಸುವುದು? ಈ ಪ್ರಶ್ನೆಗೆ ಉತ್ತರವನ್ನು ಕಾಣದೆಯೇ ನಾನು ನಿವೃತ್ತನಾದೆನು. ಅದರ ಪುಸ್ತಕವನ್ನು ಯಾರೂ ಕಿತ್ತುಕೊಳ್ಳದಂತೆ ನೋಡಿಕೊಳ್ಳುವುದು ಮಾತ್ರ ಎರಡು ದಡದವರ ಹೊಣೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ.